ಸೂಪರ್ ಅಂದವರೂ ಸಾಕು, ಡಿಲೀಟ್ ಮಾಡಿ ಅಂದವರೂ ಸಾಕು. ಈ ಕಾಪು ಫೋಟೊ ನೋಡಿ ಸರಿಯಾಗಿ ಹೇಳ್ತೀರಾ?

ಕಾಪು ಸಂಜೆ (ಉಡುಪಿ)

ನಮಸ್ಕಾರ. ನಾನು ಉಡುಪಿಯಲ್ಲಿ ಮೆಡಿಕಲ್ ಶಾಪ್ ಒಂದರಲ್ಲಿ ಕೆಲಸ ಮಾಡುವವಳು. ಕ್ಯಾಮೆರಾ ತೆಗೆದುಕೊಂಡು ಏಳು ತಿಂಗಳಾಯಿತು. ಸೆಕೆಂಡ್ ಹ್ಯಾಂಡ್ ಬಾಡಿ, ಅದರ ಜೊತೆಗೇ ಸಿಕ್ಕಿದ 18-55 ಕಿಟ್ ಲೆನ್ಸ್. ವಾರಕ್ಕೆ ಒಂದು ರಜೆ. ಆ ಸಂಜೆ ಬಸ್ ಹತ್ತಿ ಕಾಪುವಿಗೋ ಮಲ್ಪೆಗೋ ಪಡುಕೆರೆಗೋ ಹೋಗುತ್ತೇನೆ.

ಸೆಪ್ಟೆಂಬರ್ ಕೊನೆಗೆ ಮಳೆ ಬಿಟ್ಟ ಒಂದು ದಿನ ಕಾಪು ದೀಪಸ್ತಂಭದ ಫೋಟೊ ತೆಗೆದೆ. ಕಿತ್ತಳೆ ಆಕಾಶ, ಮಧ್ಯದಲ್ಲಿ ಕಪ್ಪಗೆ ಸ್ತಂಭ, ಕೆಳಗೆ ಎಡ ಮೂಲೆಯಲ್ಲಿ ದೋಣಿಯ ಹಗ್ಗ. ಮನೆಯವರ ಗುಂಪಿಗೆ ಹಾಕಿದರೆ ಅರ್ಧ ಗಂಟೆಯಲ್ಲಿ ಮೂವತ್ತೆಂಟು ಬೆರಳು, ಹೃದಯ, ಚಪ್ಪಾಳೆ. ಚಿಕ್ಕಮ್ಮ ಅಂತೂ ಕ್ಯಾಲೆಂಡರಿಗೆ ಕೊಡು ಅಂದರು. ನಾನೂ ಉಬ್ಬಿದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಒಂದು ಫೋಟೊ ವಾಕ್‌ಗೆ ಹೋದೆ, ಗುಂಪಾಗಿ ನಡೆದು ಫೋಟೊ ತೆಗೆಯುವುದು. ಕೊನೆಗೆ ಎಲ್ಲರ ಚಿತ್ರಗಳನ್ನೂ ದೊಡ್ಡ ಪರದೆ ಮೇಲೆ ಹಾಕಿ ಹಿರಿಯರೊಬ್ಬರು ಮಾತಾಡಿದರು. ನನ್ನದು ಬಂದಾಗ ಮೂರು ಸೆಕೆಂಡ್ ನೋಡಿ, "ಪೋಸ್ಟ್‌ಕಾರ್ಡ್. ಡಿಲೀಟ್ ಮಾಡಿ, ಮೆಮೊರಿ ಕಾರ್ಡ್‌ನಲ್ಲಿ ಜಾಗವಾದರೂ ಉಳಿಯುತ್ತದೆ" ಅಂದರು. ಇಪ್ಪತ್ತು ಜನ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಕ್ಯಾಮೆರಾ ಚೀಲವನ್ನು ಕಪಾಟಿನ ಮೇಲಿಟ್ಟವಳು ಮೂರು ವಾರ ಮುಟ್ಟಲಿಲ್ಲ.

ಈಗ ನನ್ನ ಪ್ರಶ್ನೆ. ಮೂವತ್ತೆಂಟು ಜನ ಹೇಳಿದ್ದು ಸರಿಯಾ, ಒಬ್ಬರು ಹೇಳಿದ್ದು ಸರಿಯಾ? ಫೋಟೊ ಇಲ್ಲಿ ಹಾಕಿದ್ದೇನೆ. ಕಲಿಯಬೇಕು ಅಂತ ಆಸೆ ಉಂಟು.

ಪಡುಗಾಳಿ (ಸುರತ್ಕಲ್)

ಮೆಮೊರಿ ಕಾರ್ಡ್ ಜಾಗದ ಚಿಂತೆ ಅವರಿಗೆ ಯಾಕೆ ಮಾರಾಯ್ರೆ, ಅವರದ್ದೇನು ಗೋಡೌನಾ?

ಮುರಕಲ್ಲು (ಮಂಗಳೂರು)

ಹೇಳಿದ ರೀತಿ ಸರಿಯಲ್ಲ. ಆದರೆ ಫೋಟೊದಲ್ಲಿ ತಪ್ಪಿಲ್ಲ ಅಂತಲ್ಲ. ಕೇಳಿದ್ದೀರಿ, ಹೇಳುತ್ತೇನೆ.

ಕಡಲು ಎಡಕ್ಕೆ ಸುರಿಯುತ್ತಿದೆ. ಕಡಿಮೆಯೆಂದರೂ ಎರಡು ಡಿಗ್ರಿ ವಾಲಿದೆ. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಪೂರ್ತಿ ಖಾಲಿಯಾದೀತು. ಕಿತ್ತಳೆ ಬಣ್ಣ ಆಕಾಶದ್ದಲ್ಲ, ಎಡಿಟ್ ಮಾಡುವಾಗ ಬಣ್ಣ ಏರಿಸುವ ಸ್ಯಾಚುರೇಶನ್ ಪಟ್ಟಿಯದ್ದು. ಸ್ತಂಭದ ಸುತ್ತ ಬಿಳಿ ಗೆರೆ ಬಂದಿದೆ, ಅಂದರೆ ಶಾರ್ಪ್‌ನೆಸ್ ಜಾಸ್ತಿ ಎಳೆದಿದ್ದೀರಿ. ಹಗ್ಗ ಮೂಲೆಯಲ್ಲಿ ಅರ್ಧಕ್ಕೇ ತುಂಡಾಗಿದೆ, ಕ್ರಾಪ್ ಮಾಡಿ ತೆಗೆಯಿರಿ.

ಮತ್ತೆ, ಆ ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ಸೂರ್ಯ ದಿನಾ ಅದರ ಹಿಂದೆ ಕಡಲಿಗೆ ಇಳಿಯುತ್ತಾನೆ. ಇದೇ ಫೋಟೊ ಎಷ್ಟು ಸಾವಿರ ಜನರ ಫೋನಿನಲ್ಲಿ ಇರಬಹುದು, ನೀವೇ ಲೆಕ್ಕ ಹಾಕಿ.

ಒದ್ದೆ ಮರಳು (ಮಂಗಳೂರು)

ಮುರಕಲ್ಲು ಹೇಳಿದ ವಾಲು, ಬಿಳಿ ಗೆರೆ ಎರಡನ್ನೂ ಒಪ್ಪುತ್ತೇನೆ. ಅವು ಐದು ನಿಮಿಷದಲ್ಲಿ ಸರಿಯಾಗುವ ವಿಷಯ. ಅದಕ್ಕೆಲ್ಲ ಯಾರೂ ಮೂರು ವಾರ ಕ್ಯಾಮೆರಾ ಕಪಾಟಿಗೆ ಹಾಕಬೇಕಾಗಿಲ್ಲ.

ನಾನು ಬೇರೆ ರೀತಿಯಲ್ಲಿ ಹೇಳಿ ನೋಡುತ್ತೇನೆ. ಒಳ್ಳೆಯದೋ ಕೆಟ್ಟದ್ದೋ ಆಮೇಲಿನ ಮಾತು. ನನ್ನ ಕಣ್ಣು ಏನು ಮಾಡಿತು ಅಂತ ಮಾತ್ರ ಬರೆಯುತ್ತೇನೆ. ಮೊದಲು ಸೂರ್ಯನ ಹತ್ತಿರದ ಬಿಳಿ ಭಾಗಕ್ಕೆ ಹೋಯಿತು. ಅಲ್ಲಿ ಬೆಳಕು ಸುಟ್ಟುಹೋಗಿದೆ, ವಿವರ ಏನೂ ಇಲ್ಲ. ಅಲ್ಲಿಂದ ಸ್ತಂಭ. ಸ್ತಂಭ ಸರಿಯಾಗಿ ಮಧ್ಯದಲ್ಲಿ ಇರುವುದರಿಂದ ಕಣ್ಣು ಅಲ್ಲೇ ನಿಂತಿತು. ಮತ್ತೆ ಕೆಳಗೆ ಇಳಿದು ಹಗ್ಗಕ್ಕೆ ಬಂತು, ಹಗ್ಗವನ್ನು ಹಿಡಿದುಕೊಂಡೇ ಚಿತ್ರದಿಂದ ಹೊರಗೆ ಹೋಯಿತು. ವಾಪಸ್ ಬರಲಿಲ್ಲ. ಎಲ್ಲಾ ಸೇರಿ ನಾಲ್ಕು ಸೆಕೆಂಡ್.

ಕಾಪು ಸಂಜೆ ಅಕ್ಕ, ನನಗೊಂದು ಕೇಳಬೇಕು. ಆ ದಿನ ಕ್ಯಾಮೆರಾ ಎತ್ತುವ ಮೊದಲು ಏನನ್ನು ನೋಡಿ ನಿಂತಿರಿ? ದೀಪಸ್ತಂಭವನ್ನೇ? ಸುಮ್ನೆ ಕೇಳುತ್ತಿಲ್ಲ. ಉತ್ತರ ನೋಡಿ ನನ್ನ ಮಾತು ಬದಲಾಗಬಹುದು.

ಕಾಪು ಸಂಜೆ

ಮುರಕಲ್ಲು ಅವರ ಮಾತು ಓದಿ ಮೊದಲು ಸಿಟ್ಟು ಬಂತು. ಆಮೇಲೆ ಫೋಟೊ ತೆರೆದು ಕಡಲಿಗೆ ಸರಿಯಾಗಿ ಒಂದು ಸ್ಕೇಲ್ ಇಟ್ಟೆ. ಹೌದು, ವಾಲಿದೆ. ಏಳು ತಿಂಗಳಲ್ಲಿ ತೆಗೆದ ಹಳೆಯ ಫೋಟೊಗಳನ್ನೂ ನೋಡಿದೆ. ಎಲ್ಲವೂ ಎಡಕ್ಕೇ ವಾಲಿವೆ! ನಾನು ಕ್ಯಾಮೆರಾ ಹಿಡಿಯುವುದೇ ಹಾಗೆ ಅಂತ ಕಾಣುತ್ತದೆ. ಯಾರೂ ಹೇಳಿರಲಿಲ್ಲ.

ಒದ್ದೆ ಮರಳು ಅಣ್ಣ, ನಿಮ್ಮ ಪ್ರಶ್ನೆಗೆ ಉತ್ತರ ಬರೆಯುವಾಗ ನನಗೇ ಆಶ್ಚರ್ಯವಾಯಿತು. ನಾನು ನಿಂತದ್ದು ಸ್ತಂಭ ನೋಡಿ ಅಲ್ಲ. ಒಬ್ಬರು ಅಜ್ಜ ನಾಡದೋಣಿ ಮೇಲೆ ಎಳೆದು ಹಗ್ಗ ಸುತ್ತುತ್ತಾ ಇದ್ದರು. ಅಷ್ಟು ದಪ್ಪ ಹಗ್ಗ ಅವರ ಕೈಯಲ್ಲಿ ನೂಲಿನ ಹಾಗೆ ಬಳ್ಳಿ ಬಳ್ಳಿಯಾಗಿ ಕೂರುತ್ತಿತ್ತು. ಅದನ್ನು ನೋಡಿ ನಿಂತೆ. ಕ್ಯಾಮೆರಾ ತೆಗೆದ ಮೇಲೆ ಅಜ್ಜನ ಕಡೆ ತಿರುಗಿಸಲು ನಾಚಿಕೆಯಾಯಿತು. ಸ್ತಂಭದ ಕಡೆ ತಿರುಗಿಸಿದೆ. ಹಗ್ಗದ ತುಂಡು ಮಾತ್ರ ಹೇಗೋ ಒಳಗೆ ಬಂತು.

ಒದ್ದೆ ಮರಳು

ನೋಡಿ! ನಾವೆಲ್ಲ ಕತ್ತರಿಸಿ ಬಿಸಾಡಿ ಅಂತ ಹೇಳಿದ ಮೂಲೆಯೇ ನಿಮ್ಮ ಫೋಟೊ. ಉಳಿದದ್ದು ಪೋಸ್ಟ್‌ಕಾರ್ಡ್. ಆ ಹಿರಿಯರು ಒಂದು ಲೆಕ್ಕದಲ್ಲಿ ಸರಿಯೇ ಹೇಳಿದರು. ಆದರೆ ಕೇಳದೆ ಹೇಳಿದರು. ಹಾಗಾಗಿ ನಿಮಗೆ ಸಿಕ್ಕಿದ್ದು ಅವಮಾನ ಮಾತ್ರ, ದಾರಿ ಸಿಗಲಿಲ್ಲ.

ನನ್ನದೇ ಕಥೆ ಹೇಳುತ್ತೇನೆ. ಸ್ಟುಡಿಯೊ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೆ. ಅಲ್ಲಿನ ಕಲ್ಲುಗಳು ಗೊತ್ತಲ್ವಾ, ಲಾವಾ ತಣಿದು ಬಿರುಕು ಬಿಟ್ಟು ಆರು ಮೂಲೆಯ ಕಂಬಗಳಾಗಿ ನಿಂತದ್ದು. ಎರಡು ರೀಲ್ ಫಿಲ್ಮ್ ಮುಗಿಸಿ ಬಂದೆ. ಪ್ರಿಂಟ್ ಹಾಕಿ ಯಜಮಾನರಿಗೆ ತೋರಿಸಿದರೆ ಅವರು ಕನ್ನಡಕ ಏರಿಸಿ ಒಂದೇ ಮಾತು ಕೇಳಿದರು: "ಈ ಕಲ್ಲು ಮೊಣಕಾಲಿನಷ್ಟು ಉಂಟೋ, ತೆಂಗಿನ ಮರದಷ್ಟು ಉಂಟೋ?" ನಾನು ಹೇಳಿದೆ. "ನೀನು ಹೇಳಿದ ಮೇಲೆ ಗೊತ್ತಾಯಿತು, ಫೋಟೊ ಹೇಳಲಿಲ್ಲ" ಅಂದರು. ಅಷ್ಟೇ. ಬೈಯಲಿಲ್ಲ. ಚಿತ್ರದಲ್ಲಿ ಅಳತೆ ತೋರಿಸಲು ಒಬ್ಬ ಮನುಷ್ಯನೋ ಹಕ್ಕಿಯೋ ಒಂದು ಗಿಡವೋ ಬೇಕು ಅಂತ ನಾನೇ ಕಂಡುಕೊಂಡೆ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ, ಹಾಗಾಗಿ ಮತ್ತೆ ಹೋಗಲು ತಿಂಗಳುಗಟ್ಟಲೆ ಕಾದೆ. ಕಾಯುವಾಗ ಆ ಪ್ರಶ್ನೆ ತಲೆಯಲ್ಲೇ ಇತ್ತು.

ಮುರಕಲ್ಲು

ಒಂದು ತಕರಾರು. "ನಿಮ್ಮ ಉದ್ದೇಶ ಏನು" ಅಂತ ಮೊದಲೇ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಗೋಡೆ ಮೇಲೆ ತೂಗುಹಾಕಿದ ಫೋಟೊದ ಪಕ್ಕ ನೀವು ನಿಂತು ಅಜ್ಜನ ಕಥೆ ಹೇಳುತ್ತೀರಾ? ನೋಡುವವನಿಗೆ ಕಾಣುವುದು ಚೌಕಟ್ಟಿನ ಒಳಗೆ ಇದ್ದದ್ದು ಮಾತ್ರ. ಉದ್ದೇಶ ಕೇಳಿಕೊಂಡು ನೋಡಿದರೆ ಎಲ್ಲರ ಫೋಟೊವೂ ಚೆನ್ನಾಗಿಯೇ ಕಾಣುತ್ತದೆ. ಕಥೆ ಚೆನ್ನಾಗಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಸಲೂನ್ ಅಂತ ಕರೆಯುವ ಫೋಟೊ ಸ್ಪರ್ಧೆಗೆ ಕಳಿಸಿದರೆ ತೀರ್ಪುಗಾರರು ಒಂದೊಂದು ಚಿತ್ರವನ್ನು ಕೆಲವೇ ಸೆಕೆಂಡ್ ನೋಡಿ ಅಂಕ ಒತ್ತುತ್ತಾರೆ. ಅಲ್ಲಿ ಯಾರೂ ಅಕ್ಕ, ನೀವು ಯಾಕೆ ನಿಂತಿರಿ ಅಂತ ಕೇಳುವುದಿಲ್ಲ.

ಒದ್ದೆ ಮರಳು

ಒಪ್ಪಿದೆ, ಅರ್ಧ. ಅದಕ್ಕೇ ನಾನು ಮೊದಲು ಕಣ್ಣು ಹೋದ ದಾರಿ ಬರೆದೆ, ಆಮೇಲೆ ಕೇಳಿದೆ. ಕೇಳಿಕೊಂಡೇ ನೋಡಿದ್ದರೆ ಹಗ್ಗದಲ್ಲಿ ಅಜ್ಜ ಕಾಣುತ್ತಿದ್ದನೋ ಏನೋ. ಕಾಣದ್ದನ್ನು ಕಾಣಲಿಲ್ಲ ಅಂತ ಹೇಳಿದ ಮೇಲೆಯೇ ಕೇಳಬೇಕು. ಆಗ ಎರಡರ ನಡುವೆ ಎಷ್ಟು ದೂರ ಉಂಟು ಅಂತ ತೆಗೆದವರಿಗೇ ಗೊತ್ತಾಗುತ್ತದೆ.

ಸ್ಪರ್ಧೆಯ ಅಂಕ ಬೇರೆ, ಕಲಿಸುವುದು ಬೇರೆ ಮಾರಾಯ್ರೆ. ಅಂಕ ಕೊಡುವವರಿಗೆ ಈ ಸಲದ ಫೋಟೊ ಮುಖ್ಯ. ಕಲಿಸುವವರು ಮುಂದಿನ ಫೋಟೊ ನೋಡಬೇಕು.

ಚೌಕಿಯಿಂದ (ಕುಂದಾಪುರ)

ನಾನು ನಿವೃತ್ತ ಮಾಸ್ತರ. ಕ್ಯಾಮೆರಾ ಹಿಡಿದದ್ದು ರಿಟೈರ್ ಆದ ಮೇಲೆ. ಫೋಟೊ ನಿಮ್ಮಷ್ಟು ಗೊತ್ತಿಲ್ಲ, ಯಕ್ಷಗಾನ ಸ್ವಲ್ಪ ಗೊತ್ತು.

ಮೇಳದಲ್ಲಿ ಹೊಸ ವೇಷಧಾರಿ ರಂಗಸ್ಥಳದಲ್ಲಿ ಹೆಜ್ಜೆ ತಪ್ಪಿದರೆ ಪದ ಹಾಡುವ ಭಾಗವತರು ಅಲ್ಲಿ ಏನೂ ಹೇಳುವುದಿಲ್ಲ. ಪದವನ್ನು ಇನ್ನೊಮ್ಮೆ ಎತ್ತಿ ಅವನಿಗೆ ದಾರಿ ಮಾಡಿಕೊಡುತ್ತಾರೆ. ಹೇಳುವುದೆಲ್ಲ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಬಣ್ಣ ತೆಗೆಯುವಾಗ. ಅಲ್ಲಿ ಬೈಗುಳವೂ ಬೀಳುತ್ತದೆ, ಮುಲಾಜಿಲ್ಲ. ಆದರೆ ಬೈಸಿಕೊಂಡವ ಮರುರಾತ್ರಿ ಮತ್ತೆ ಗೆಜ್ಜೆ ಕಟ್ಟುತ್ತಾನೆ.

ಇಪ್ಪತ್ತು ಜನರ ಎದುರು ಪರದೆ ಮೇಲೆ ಹಾಕಿ ನಗಿಸುವುದು ರಂಗಸ್ಥಳದಲ್ಲೇ ಕಿರೀಟ ಕಿತ್ತ ಹಾಗೆ. ಹೇಳಿದ ಮಾತು ಸರಿಯೇ ಇರಲಿ, ಕೇಳುವವನ ಕಿವಿ ಮುಚ್ಚಿಹೋಗುತ್ತದೆ.

ಪಡುಗಾಳಿ

ಮಾಸ್ಟ್ರೇ, ಬೈದದ್ದು ನೆನಪಿರುತ್ತದೆ, ಮೆಚ್ಚಿದ್ದು ಮರೆತುಹೋಗುತ್ತದೆ. ಪಣಂಬೂರು ಬೀಚಿನಲ್ಲಿ ತೆಗೆದ ನನ್ನ ಗಾಳಿಪಟದ ಫೋಟೊ ನೋಡಿ ಒಬ್ಬರು "ಎಲ್ಲಾ ಉಂಟು, ಫೋಟೊ ಒಂದು ಇಲ್ಲ" ಅಂದಿದ್ದರು. ಆರು ವರ್ಷವಾಯಿತು. ಇವತ್ತಿಗೂ ಗಾಳಿಪಟ ಕಂಡರೆ ಅದೇ ನೆನಪು.

ಅಮ್ಮಂದಿರ ವಿಮರ್ಶೆ ಬಗ್ಗೆ ಯಾರೂ ಹೇಳಲಿಲ್ಲ. ಅಕ್ಟೋಬರಿನಲ್ಲಿ ತಣ್ಣೀರುಬಾವಿಯಲ್ಲಿ ತೆಗೆದ ಫೋಟೊಕ್ಕೆ ನೀಲಿ ತುಂಬಿ ಅಮ್ಮನಿಗೆ ತೋರಿಸಿದೆ. ಮೀನು ಕತ್ತರಿಸುತ್ತಿದ್ದವರು ಓರೆಗಣ್ಣಲ್ಲಿ ನೋಡಿ, "ಇದು ಯಾವ ಊರಿನ ಕಡಲು?" ಅಂದರು. ಅದಕ್ಕಿಂತ ದೊಡ್ಡ ಪಾಠ ನನಗೆ ಯಾವ ಕ್ಲಾಸಿನಲ್ಲೂ ಸಿಗಲಿಲ್ಲ. ಮಳೆ ಬಿಟ್ಟ ಹೊಸತರಲ್ಲಿ ಹೊಳೆಗಳು ಇನ್ನೂ ಕೆಂಪು ಮಣ್ಣು ತಂದು ಸುರಿಯುತ್ತವೆ. ನಮ್ಮ ಕಡಲು ಆಗ ಚಾ ಬಣ್ಣ, ಬೂದು ಹಸಿರು. ನಾನು ಮಾಲ್ಡೀವ್ಸ್ ಮಾಡಿಟ್ಟಿದ್ದೆ.

ಒದ್ದೆ ಮರಳು

ಈ ಮಾತನ್ನು ಬರೆದಿಟ್ಟುಕೊಳ್ಳಿ ಅಕ್ಕ. ಇನ್ನೊಂದು, ಫೋನ್ ಪರದೆಯನ್ನು ನಂಬಬೇಡಿ. ಈಗಿನ ಫೋನುಗಳು ಬಣ್ಣವನ್ನು ತಾವೇ ಏರಿಸಿ ತೋರಿಸುತ್ತವೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ವಿವಿಡ್ ಇದ್ದರೆ ನ್ಯಾಚುರಲ್‌ಗೆ ಹಾಕಿ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಅಂತ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಎಷ್ಟೋ ಸಲ ನಾವು ವಿಮರ್ಶೆ ಮಾಡುವುದು ಕುಗ್ಗಿಹೋದ ಚಿತ್ರದ್ದು, ಬೈಸಿಕೊಳ್ಳುವುದು ಲೆನ್ಸ್.

ಸಾಧ್ಯವಾದರೆ ತಿಂಗಳಿಗೆ ಒಂದೇ ಒಂದು ಪ್ರಿಂಟ್ ಹಾಕಿಸಿ. 8x12 ಇಂಚು ಸಾಕು. ಅಡುಗೆಮನೆ ಬಾಗಿಲ ಹತ್ತಿರ ಅಂಟಿಸಿ. ನಾಲ್ಕು ದಿನ ಹೋಗುತ್ತಾ ಬರುತ್ತಾ ಕಂಡರೆ ತಪ್ಪು ತಾನಾಗಿ ಕಣ್ಣಿಗೆ ಚುಚ್ಚುತ್ತದೆ. ಯಾರೂ ಬೈಯಬೇಕಾಗಿಲ್ಲ.

ಕಡಲ ತಡಿ (ಮಲ್ಪೆ)

ನಾನು ಹೇಳುವುದಿಷ್ಟೇ. ಕಾಪು ಸಂಜೆ ಅವರು ಬೇಗ ಹೊರಟುಬಿಟ್ಟಿದ್ದಾರೆ. ಸೂರ್ಯ ಮುಳುಗಿದ ಮೇಲಿನ ನೀಲಿ ಹೊತ್ತಿನಲ್ಲೇ ಒಳ್ಳೆಯ ಬಣ್ಣ. ಇನ್ನೂ ಅರ್ಧ ಗಂಟೆ ನಿಲ್ಲಬೇಕಿತ್ತು. ತಾಳ್ಮೆ ಇಲ್ಲದಿದ್ದರೆ ಲ್ಯಾಂಡ್‌ಸ್ಕೇಪ್ ಆಗುವುದಿಲ್ಲ.

ಕಾಪು ಸಂಜೆ

ಇದನ್ನು ಫೋಟೊ ವಾಕ್‌ನಲ್ಲೂ ಇಬ್ಬರು ಹೇಳಿದರು. ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮಲ್ಲಿ ಸೂರ್ಯ ಮುಳುಗಿ 20-25 ನಿಮಿಷಕ್ಕೆ ಕತ್ತಲು. ಬೀಚಿನಿಂದ ಹೆದ್ದಾರಿಯ ಬಸ್ ಸ್ಟಾಪಿಗೆ ನಡೆಯಬೇಕು. ಒಬ್ಬಳೇ ಇರುತ್ತೇನೆ, ಕೈಯಲ್ಲಿ ಕ್ಯಾಮೆರಾ. ಕೆಳಗೆ ನಾಲ್ಕು ಹುಡುಗರು ಬಿಯರ್ ಬಾಟಲಿ ಹಿಡಿದು ಕೂತಿರುತ್ತಾರೆ. ನನಗೆ ತಾಳ್ಮೆ ಬೇಕಾದಷ್ಟು ಉಂಟು. ಬಸ್ಸಿಗೆ ಇಲ್ಲ.

ಕಡಲ ತಡಿ

ಇದು ನನಗೆ ಹೊಳೆಯಲೇ ಇಲ್ಲ. ತಪ್ಪಾಯಿತು ಅಕ್ಕ. ನಾನು ಬೈಕಿನಲ್ಲಿ ಹೋಗುವವ, ಎಂಟು ಗಂಟೆವರೆಗೆ ಕೂತರೂ ಯಾರೂ ಕೇಳುವುದಿಲ್ಲ.

ಹಾಗಾದರೆ ಬೆಳಿಗ್ಗೆ ಹೋಗಿ ನೋಡಿ. ಎಲ್ಲರೂ ಸಂಜೆಯೇ ಹೋಗುತ್ತಾರೆ. ಬೆಳಿಗ್ಗೆ ಬಿಸಿಲು ಊರಿನ ಕಡೆಯಿಂದ, ನಮ್ಮ ಬೆನ್ನಿನ ಹಿಂದಿನಿಂದ ಬೀಳುತ್ತದೆ. ಸ್ತಂಭ ಕಪ್ಪಗೆ ಕಾಣುವುದಿಲ್ಲ, ಕಲ್ಲು, ದೋಣಿ, ಮುಖ ಎಲ್ಲಾ ಬೆಳಗುತ್ತದೆ. ಏಳು ಗಂಟೆಗೆ ದೋಣಿಯವರೂ ಇರುತ್ತಾರೆ, ನಡೆಯಲು ಬಂದ ಹೆಂಗಸರೂ ಇರುತ್ತಾರೆ. ಸಂಜೆಯೇ ಬೇಕೆಂದರೆ ಡಿಸೆಂಬರಿನಲ್ಲಿ ಹೋಗಿ. ಆಗ ಸೂರ್ಯ ಎಡಕ್ಕೆ, ನೈಋತ್ಯದ ಕಡೆ ಸರಿದಿರುತ್ತಾನೆ. ನಿಂತ ಜಾಗ ಬದಲಿಸದೆಯೇ ಬೇರೆ ಫೋಟೊ.

ಚೌಕಿಯಿಂದ

ತಾಳ್ಮೆ ಇಲ್ಲ ಅಂತ ಹೇಳಿದ್ದಕ್ಕೂ ಬೆಳಿಗ್ಗೆ ಹೋಗಿ ಅಂತ ಹೇಳಿದ್ದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಮೊದಲನೆಯದು ಮನುಷ್ಯನ ಮೇಲೆ, ಎರಡನೆಯದು ಫೋಟೊದ ಮೇಲೆ.

ನೇಜಿ (ಕಾರ್ಕಳ)

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಾನು ಡಿಗ್ರಿ ಎರಡನೇ ವರ್ಷ. ಕ್ಯಾಮೆರಾ ಇಲ್ಲ, ಫೋನಿನಲ್ಲೇ ತೆಗೆಯುವುದು. ಮನೆ ಹತ್ತಿರದ ಗದ್ದೆ, ಏಣೆಲು (ಮಳೆಗಾಲದ ಭತ್ತ) ಬೆಳೆ ಕಟಾವಿಗೆ ಬಂದಿದೆ. ಬೆಳಿಗ್ಗೆ ಮಂಜು, ಹಿಂದೆ ಘಟ್ಟ. ಇದೂ ಒಂದು ಹಾಕುತ್ತೇನೆ. ಮುಲಾಜು ಬೇಡ. ಆದರೆ ಮೊದಲು ಕಾಪು ಸಂಜೆ ಅಕ್ಕನೇ ಹೇಳಬೇಕು, ಅವರಿಗೆ ಬೈಸಿಕೊಂಡ ನೋವು ಹೊಸದಾಗಿ ಗೊತ್ತು.

ಕಾಪು ಸಂಜೆ

ಅಯ್ಯೋ, ನಾನಾ? ಹತ್ತು ನಿಮಿಷ ನೋಡಿದೆ. ಮೊದಲು ಸೂಪರ್ ಅಂತ ಬರೆದೆ, ಅಳಿಸಿದೆ. ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ ನೋಡಿ! ಆಮೇಲೆ "ಚೆನ್ನಾಗಿದೆ, ಆದರೆ" ಅಂತ ಬರೆದೆ. ಆದರೆ ಅಂದ ಕೂಡಲೇ ಮೊದಲಿನದ್ದು ಸುಳ್ಳಾಗುತ್ತದೆ, ಅಲ್ವಾ? ಅದನ್ನೂ ಅಳಿಸಿದೆ.

ಒದ್ದೆ ಮರಳು ಅಣ್ಣನ ರೀತಿ ಪ್ರಯತ್ನ ಮಾಡುತ್ತೇನೆ. ನನ್ನ ಕಣ್ಣು ಮೊದಲು ಮಂಜಿಗೆ ಹೋಯಿತು, ಆಮೇಲೆ ಘಟ್ಟದ ನೀಲಿ ಗೆರೆಗೆ. ಅಲ್ಲಿ ತುಂಬ ಹೊತ್ತು ಇತ್ತು, ಚಂದ ಕಂಡಿತು. ಕೆಳಗೆ ಇಳಿದಾಗ ಗದ್ದೆಯ ಹಳದಿ ಒಂದೇ ಸಮನೆ ಇದೆ, ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಮೇಲೆ ಕರೆಂಟ್ ತಂತಿ ಮೂರು ಎಳೆ ಘಟ್ಟವನ್ನು ಕೊಯ್ದ ಹಾಗೆ ಹೋಗಿದೆ. ಬದಿಯಲ್ಲಿ ಅರ್ಧ ಕಂಬ. ಬದುವಿನ ಮೇಲೆ ನಿಂತು ತೆಗೆದಿರಿ ಅಂತ ಕಾಣುತ್ತದೆ. ಗದ್ದೆಗೆ ಇಳಿದು ಕೂತು ತೆಗೆದರೆ ತೆನೆ ಹತ್ತಿರ ಬರುತ್ತದೆ, ಅಲ್ಲವೇ?

ನೀವು ಏನು ನೋಡಿ ನಿಂತಿರಿ?

ಮುರಕಲ್ಲು

ಅಕ್ಕ, ಈ ಬರಹ ಚೆನ್ನಾಗಿದೆ. ಒಂದು ಬಿಟ್ಟುಹೋಯಿತು, ಮೂರು ವಿಷಯ ಒಟ್ಟಿಗೆ ಹೇಳಿದ್ದೀರಿ. ಹೊಸಬನಿಗೆ ಒಂದು ಸಾಕು. ಯಾವುದು ದೊಡ್ಡದು ಅಂತ ನೀವೇ ಆರಿಸಿ ಹೇಳಬೇಕು. ನಾನು ನಿಮಗೆ ಐದು ಹೇಳಿದ್ದೆ, ಆ ತಪ್ಪು ನನ್ನದೂ ಹೌದು. ಮತ್ತೆ ಆ "ಅಲ್ಲವೇ" ಬೇಡ. ನಿಮಗೆ ಕಂಡದ್ದು ನಿಮಗೆ ಕಂಡದ್ದೇ. ಅದಕ್ಕೆ ಅವರ ಒಪ್ಪಿಗೆ ಯಾಕೆ?

ಪಡುಗಾಳಿ

ವಿಮರ್ಶೆಯ ವಿಮರ್ಶೆ ಶುರುವಾಯಿತು. ನಾನು ಬನ್ಸ್ ತಿಂದು ಬರುತ್ತೇನೆ.

ನೇಜಿ

ಅಕ್ಕ, ನಾನು ನಿಂತದ್ದು ಮಂಜು ನೋಡಿ. ಗದ್ದೆ ಒಂದೇ ಸಮ ಅಂದದ್ದು ನಿಜ, ನನಗೂ ಏನೋ ಕಮ್ಮಿ ಅನಿಸಿತ್ತು, ಏನಂತ ಗೊತ್ತಿರಲಿಲ್ಲ. ನಾಳೆ ಇಳಿದು ಕೂರುತ್ತೇನೆ. ಹಾವು ಇಲ್ಲದಿದ್ದರೆ.

ತಂತಿ ವಿಷಯ ಮಾತ್ರ ಒಪ್ಪುವುದಿಲ್ಲ. ಅದು ನಮ್ಮ ಗದ್ದೆಯ ಪಂಪಿನ ಲೈನ್. ಅದು ಇಲ್ಲದಿದ್ದರೆ ಕೊಳಕೆಗೆ (ಬೇಸಿಗೆ ಬೆಳೆಗೆ) ನೀರಿಲ್ಲ. ನನ್ನ ಫ್ರೆಂಡ್ ಆ್ಯಪ್‌ನಲ್ಲಿ ಒಂದು ಸಲ ಒರೆಸಿದರೆ ಹೋಗುತ್ತದೆ ಅಂದ. ತೆಗೆದು ನೋಡಿದೆ. ಯಾರದ್ದೋ ಗದ್ದೆಯ ಹಾಗೆ ಕಂಡಿತು.

ಮುರಕಲ್ಲು

ಸ್ಪರ್ಧೆಯ ನೇಚರ್ ವಿಭಾಗಕ್ಕೆ ಕಳಿಸುವುದಾದರೆ ಚಿತ್ರದಲ್ಲಿ ಇದ್ದದ್ದನ್ನು ಒರೆಸುವಂತೆಯೇ ಇಲ್ಲ, ಇಲ್ಲದ್ದನ್ನು ಸೇರಿಸುವಂತೆಯೂ ಇಲ್ಲ. ಮನೆ ಗೋಡೆಗೆ ಬೇಕಾದ್ದು ಮಾಡಿ. ನನಗೆ ಕೇಳಿದರೆ ಒರೆಸಬೇಡಿ, ಹತ್ತು ಹೆಜ್ಜೆ ನಡೆಯಿರಿ. ತಂತಿ ಹೋಗದಿದ್ದರೂ ಘಟ್ಟದ ಮೇಲೆ ಬೀಳುವುದು ತಪ್ಪೀತು.

ಒದ್ದೆ ಮರಳು

ಈ ಜಗಳ ಹಳೆಯದು. ಅಮೆರಿಕದ ಆ್ಯನ್ಸೆಲ್ ಆ್ಯಡಮ್ಸ್ ಹೆಸರು ಕೇಳಿರಬಹುದು, ಬೆಟ್ಟಗುಡ್ಡಗಳ ಕಪ್ಪು ಬಿಳುಪು ಚಿತ್ರಗಳಿಗೆ ಅವರೇ ದೊಡ್ಡ ಹೆಸರು. 1944ರಲ್ಲಿ ಕ್ಯಾಲಿಫೋರ್ನಿಯಾದ ಲೋನ್ ಪೈನ್ ಅನ್ನುವ ಊರಿನ ಹತ್ತಿರ ಹಿಮದ ಬೆಟ್ಟಗಳ ಬೆಳಗಿನ ಚಿತ್ರ ತೆಗೆದರು. ಮುಂದಿನ ಗುಡ್ಡದ ಮೇಲೆ ಅಲ್ಲಿನ ಹೈಸ್ಕೂಲ್ ಮಕ್ಕಳು ಸುಣ್ಣ ಬಳಿದ ಬಿಳಿ ಕಲ್ಲುಗಳಲ್ಲಿ ಎಲ್, ಪಿ ಅಂತ ಎರಡು ದೊಡ್ಡ ಅಕ್ಷರ ಮಾಡಿಟ್ಟಿದ್ದರು. ಆ್ಯಡಮ್ಸ್ ಅದನ್ನು ನೆಗೆಟಿವ್‌ನಲ್ಲೇ ಮರೆಮಾಡಿದರು. ಅದಕ್ಕೆ ಬೈದವರೂ ಇದ್ದರು. ಅವರಿಗೆ ಆ ಅಕ್ಷರ ಬೆಟ್ಟದ ಮೇಲಿನ ಗಾಯದ ಹಾಗೆ ಕಂಡಿತ್ತು, ತೆಗೆದರು. ನೇಜಿಗೆ ತಂತಿ ಗದ್ದೆಯದ್ದೇ ಅಂತ ಕಾಣುತ್ತದೆ, ಇಟ್ಟರು. ನಾನಾಗಿದ್ದರೆ ಇಡುತ್ತಿರಲಿಲ್ಲ. ಆದರೆ ಇಡಲು ಅವರ ಹತ್ತಿರ ಕಾರಣ ಉಂಟು, ತೆಗೆಯಲು ನನ್ನ ಹತ್ತಿರ ಇದ್ದದ್ದು ಅಭ್ಯಾಸ ಮಾತ್ರ.

ಒಂದೇ ಮಾತು ನೇಜಿ. ಇಡುವುದಾದರೆ ಧೈರ್ಯವಾಗಿ ಇಡಿ. ಅರ್ಧ ಕಂಬ ಬೇಡ, ಇಡೀ ಕಂಬ ಒಳಗೆ ಬರಲಿ. ಅರ್ಧ ಇದ್ದರೆ ನೋಡದೆ ಬಿಟ್ಟ ಹಾಗೆ ಕಾಣುತ್ತದೆ.

ನೇಜಿ

ಇದು ತಲೆಗೆ ಹೋಯಿತು. ನಾಳೆಯೇ ಹೊರಟೆ.

ಕಾಪು ಸಂಜೆ (ಮೂರು ವಾರದ ನಂತರ)

ಹೋಗಿ ಬಂದೆ. ಬೆಳಿಗ್ಗೆ ಆರೂವರೆಗೆ ಕಾಪು. ಮೊದಲ ದಿನ ಅಜ್ಜ ಸಿಗಲಿಲ್ಲ. ಎರಡನೇ ವಾರ ಸಿಕ್ಕಿದರು. ಹತ್ತಿರ ಹೋಗಿ, ನಿಮ್ಮ ಕೈಯ ಫೋಟೊ ತೆಗೆಯಲಾ ಅಂತ ಕೇಳಿದೆ. ಕೈಯದ್ದಾ ಅಂತ ನಕ್ಕರು. ತೆಗಿ ಅಂದರು.

ತಪ್ಪುಗಳ ಪಟ್ಟಿ ನಾನೇ ಹೇಳಿಬಿಡುತ್ತೇನೆ. ತಂಗಿಯ ಗಂಡನ ಕಾರಿನಲ್ಲಿ ಎಸಿ ಹಾಕಿಕೊಂಡು ಹೋದದ್ದು, ಇಳಿದ ಕೂಡಲೇ ಲೆನ್ಸ್ ಪೂರ್ತಿ ಮಂಜು. ಒರೆಸಿದಷ್ಟೂ ಬರುತ್ತದೆ. ಕಾಲು ಗಂಟೆ ಹೋಯಿತು. ಆಮೇಲೆ ಟ್ರೈಪಾಡ್ ಒದ್ದೆ ಮರಳಿನಲ್ಲಿ ಇಟ್ಟೆ. ಅಲೆ ಬಂದು ಹಿಂದೆ ಹೋಗುವಾಗ ಕಾಲಿನ ಕೆಳಗಿನ ಮರಳು ಸರಿದು ನಿಧಾನಕ್ಕೆ ಇಳಿಯುತ್ತಿತ್ತು, ನನಗೆ ಗೊತ್ತೇ ಆಗಲಿಲ್ಲ. ಮೊದಲ ಎಂಟು ಫೋಟೊ ಅಲುಗಾಡಿವೆ. ಎಲ್ಲಾ ಚೂಪಾಗಿ ಬರಲಿ ಅಂತ ಲೆನ್ಸಿನ ಕಿಂಡಿ ತುಂಬ ಸಣ್ಣದು ಮಾಡಿ ಎಫ್ 22 ಇಟ್ಟೆ, ಮನೆಗೆ ಬಂದು ನೋಡಿದರೆ ಎಫ್ 11ರ ಫೋಟೊವೇ ಜಾಸ್ತಿ ಚೂಪು.

ಈಗ ಫೋಟೊ ನೋಡಿ. ಮುಂದೆ ಹಗ್ಗದ ಸುರುಳಿ, ಅಜ್ಜನ ಕೈ, ಹಿಂದೆ ಸಣ್ಣದಾಗಿ ಸ್ತಂಭ. ಬೆಳಕು ಕಡಿಮೆ ಮಾಡುವ ಎನ್‌ಡಿ ಫಿಲ್ಟರ್ ಒಂದನ್ನು ಗೆಳತಿಯಿಂದ ತಂದಿದ್ದೆ, ನೀರು ಹಾಲಿನ ಹಾಗೆ ಬರಲಿ ಅಂತ ಎರಡು ಸೆಕೆಂಡ್ ಶಟರ್ ಬಿಟ್ಟೆ. ಅಜ್ಜನಿಗೆ ಕೈ ಅಲ್ಲಾಡಿಸಬೇಡಿ ಅಂದೆ, ಪಾಪ ಉಸಿರು ಕಟ್ಟಿ ಕೂತರು.

ಕ್ಯಾಮೆರಾದ ಪರದೆಯಲ್ಲಿ ಅವರಿಗೇ ಮೊದಲು ತೋರಿಸಿದೆ. ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದರು. "ಕೈ ಸರಿ ಉಂಟು. ಕಡಲು ಎಲ್ಲಿ ಹೋಯಿತು? ಹೀಗೆ ಹಾಲಿನ ಹಾಗೆ ಇದ್ದರೆ ನಾವು ಯಾಕೆ ಇಷ್ಟು ದಪ್ಪ ಹಗ್ಗ ಇಟ್ಟುಕೊಳ್ಳುವುದು?" ಅಂದರು.

ಇನ್ನೊಂದು ತೆಗೆದೆ. ಫಿಲ್ಟರ್ ಬಿಚ್ಚಿ, ಸೆಕೆಂಡಿನ ಇನ್ನೂರೈವತ್ತನೇ ಒಂದು ಭಾಗದಲ್ಲಿ. ಅಲೆ ಒಡೆದು ನಿಂತಿದೆ. ಎರಡನ್ನೂ ಹಾಕಿದ್ದೇನೆ.

ಒದ್ದೆ ಮರಳು

ಎರಡನೆಯದು. ಯೋಚನೆಯೇ ಇಲ್ಲ. ಹಾಲಿನ ನೀರು ನಾನೂ ಹತ್ತು ವರ್ಷ ಮಾಡಿದೆ, ಎಲ್ಲರೂ ಚಂದ ಅಂದರು ಅಂತ. ಯಾವ ಬೀಚ್ ಯಾವುದು ಅಂತ ಈಗ ನನಗೇ ಗುರುತು ಸಿಗುವುದಿಲ್ಲ. ಟ್ರೈಪಾಡ್ ಕಾಲನ್ನು ಮೊದಲೇ ಮರಳಿಗೆ ಒತ್ತಿ ಕೂರಿಸಿ, ಎರಡು ಅಲೆ ಹೋಗಲಿ, ಆಮೇಲೆ ತೆಗೆಯಿರಿ. ಮನೆಗೆ ಬಂದು ಅದನ್ನು ಸಿಹಿನೀರಿನಲ್ಲಿ ತೊಳೆಯಿರಿ, ಇಲ್ಲದಿದ್ದರೆ ಉಪ್ಪು ತಿಂದುಹಾಕುತ್ತದೆ.

ಚೌಕಿಯಿಂದ

ಅಜ್ಜನಿಗೆ ಪ್ರಿಂಟ್ ಕೊಟ್ಟಿರಾ?

ಕಾಪು ಸಂಜೆ

ಕೊಟ್ಟೆ ಮಾಸ್ಟ್ರೇ, ನಿನ್ನೆ. ಮಡಚದೆ ಹಿಡಿದುಕೊಂಡು ಹೋದರು. ಹೋಗುವಾಗ ತಿರುಗಿ, "ಹಗ್ಗದ ತುದಿ ಕಾಣುವುದಿಲ್ಲ, ಮುಂದಿನ ಸಲ ಸರಿ ತೆಗಿ" ಅಂದರು.

ಮುರಕಲ್ಲು

ಅಜ್ಜ ಹೇಳಿದ್ದು ಸರಿ, ಕೆಳಗಿನ ಅಂಚಿನಲ್ಲಿ ತುದಿ ಕಟ್ ಆಗಿದೆ.

ಮತ್ತೆ, ಎಡಕ್ಕೆ ವಾಲುವುದನ್ನು ಬಿಟ್ಟಿದ್ದೀರಿ. ಈಗ ಅರ್ಧ ಡಿಗ್ರಿ ಬಲಕ್ಕೆ.